ಆಪರೇಷನ್ ಬೇಡ ಅಂದ್ರಿ ಸರಿ, ಆಮೇಲೆ ಏನು ಮಾಡಿದ್ರಿ?

ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಅಕ್ಕನ ಮಗ ಫೋನ್ ಮಾಡಿದಾಗ ರಾತ್ರಿ ಒಂಬತ್ತಾಗಿತ್ತು. "ಮಾಮ, ರಟ್ಟೆ ಮತ್ತೆ ಜಾರ್ತು. ಆದ್ರೆ ಏನಿಲ್ಲ, ನಾನೇ ಹಾಕ್ಕೊಂಡೆ." ದನಿಯಲ್ಲಿ ನೋವಿಗಿಂತ ಜಂಬ ಜಾಸ್ತಿ ಇತ್ತು. ಹುಡುಗನಿಗೆ 19 ವರ್ಷ. ಕಬಡ್ಡಿ ಹುಚ್ಚು. ಭುಜದ ಕೀಲು ಮೊದಲ ಸಲ ಜಾರಿದ್ದು 17ನೇ ವಯಸ್ಸಲ್ಲಿ, ರೈಡಿಗೆ ಬಂದವನ ಕಾಲು ಹಿಡಿಯಲು ಕೈ ಚಾಚಿ ಬಿದ್ದಾಗ. ಅವತ್ತು ದಾವಣಗೆರೆಗೆ ಕರೆತಂದು, ಎಕ್ಸ್‌ರೇ ತೆಗೆಸಿ, ಕೀಲು ಕೂರಿಸಿ, ಕೈಗೆ ಪಟ್ಟಿ ಹಾಕಿಸಿ ಕಳಿಸಿದ್ದು ನಾನೇ.

ಮಾರನೇ ದಿನ ಅಕ್ಕನ ಮನೆಯಲ್ಲಿ ದೊಡ್ಡ ಪಂಚಾಯ್ತಿ. ಬಂದವರೆಲ್ಲ ಒಂದೊಂದು ಹೇಳುವವರೇ. ಆಪರೇಷನ್ ಮಾಡಿಸಿದರೆ ಕೈ ಮೇಲೇಳೋದಿಲ್ಲ ಅಂತ ಒಬ್ಬರು. ಮಾಡಿಸದಿದ್ದರೆ ಜೀವನಪೂರ್ತಿ ಜಾರುತ್ತೆ ಅಂತ ಇನ್ನೊಬ್ಬರು. ಸೊಪ್ಪಿನ ಪಟ್ಟು ಹಾಕಿ ಬಿಗಿಯಾಗಿ ಕಟ್ಟುವವರ ಊರು, ಬಸ್ಸು, ಕೂರುವ ವಾರ ಎಲ್ಲ ಬಾಯಿಪಾಠ ಇದ್ದವರು ಮೂರನೆಯವರು. ಅಕ್ಕ ನನ್ನ ಕಡೆ ತಿರುಗಿ, "ನೀನೇ ಹೇಳಪ್ಪ, ಆಪರೇಷನ್ನೋ, ಹಂಗೇ ಬಿಡೋದೋ?" ಅಂದಳು.

ಆ ಪ್ರಶ್ನೆಯಲ್ಲೇ ತಪ್ಪಿದೆ ಅಂತ ನನಗೆ ಹೊಳೆದದ್ದು ಆಮೇಲೆ. ಆಪರೇಷನ್ ಇಲ್ಲದ ಚಿಕಿತ್ಸೆ ಬೇರೆ, ಹಂಗೇ ಬಿಡೋದು ಬೇರೆ. ಮೊದಲನೆಯದಕ್ಕೆ ತಿಂಗಳುಗಟ್ಟಲೆ ಕೆಲಸ ಇದೆ. ಎರಡನೆಯದಕ್ಕೆ ಏನೂ ಇಲ್ಲ, ಮುಂದಿನ ಸಲ ಜಾರುವ ತನಕ ಕಾಯೋದು ಅಷ್ಟೇ. ನಮ್ಮ ಕಡೆ ಹೆಚ್ಚಿನವರು ಎರಡನೆಯದನ್ನು ಮಾಡಿ ಅದಕ್ಕೆ ಮೊದಲನೆಯದರ ಹೆಸರು ಇಟ್ಟುಕೊಂಡಿರುತ್ತಾರೆ.

ಈ ಕೀಲು ಯಾಕೆ ಇಷ್ಟು ಸುಲಭವಾಗಿ ಜಾರುತ್ತೆ ಅಂತ ಮೊದಲು ನೋಡಿ. ಸೊಂಟದ ಕೀಲಿನಲ್ಲಿ ಗುಂಡು ಆಳವಾದ ಬಟ್ಟಲಲ್ಲಿ ಕೂತಿರುತ್ತದೆ. ಭುಜದಲ್ಲಿ ಹಾಗಿಲ್ಲ. ಶಾಲೆಯಲ್ಲಿ ಲಿಂಬೆಹಣ್ಣು-ಚಮಚದ ಓಟ ಓಡಿದ್ದೀರಲ್ವಾ, ಹೆಚ್ಚುಕಡಿಮೆ ಅದೇ ಲೆಕ್ಕ. ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರುವ ತಟ್ಟೆ ಚಿಕ್ಕದು, ಅದರಲ್ಲೂ ಆಳ ಇಲ್ಲ. ಕೈ ತಲೆ ಮೇಲಕ್ಕೆ, ಬೆನ್ನ ಹಿಂದಕ್ಕೆ, ಎಲ್ಲ ದಿಕ್ಕಿಗೂ ತಿರುಗೋದು ಇದರಿಂದಲೇ. ಜಾರೋದೂ ಇದರಿಂದಲೇ. ತಟ್ಟೆಯ ಅಂಚಿಗೆ ಸುತ್ತ ಮೆತ್ತನೆಯ ಒಂದು ಉಂಗುರ ಇರುತ್ತದೆ. ಕೊಡ ಹೊರುವಾಗ ತಲೆ ಮೇಲೆ ಇಡುವ ಸಿಂಬೆ ಇದ್ದ ಹಾಗೆ. ಕೊಡ ಉರುಳದಂತೆ ಸಿಂಬೆ ತಡೆಯುತ್ತದೆ, ಗುಂಡು ಉರುಳದಂತೆ ಈ ಉಂಗುರ ತಡೆಯುತ್ತದೆ.

ನೂರರಲ್ಲಿ ತೊಂಬತ್ತೈದಕ್ಕೂ ಜಾಸ್ತಿ ಸಲ ಗುಂಡು ಜಾರೋದು ಮುಂದಕ್ಕೆ. ಹಾಗೆ ಜಾರುವಾಗ ಸಿಂಬೆಯ ಮುಂಭಾಗ ಕಿತ್ತು ಬರುತ್ತದೆ. ಲಂಡನ್ನಿನ ಸರ್ಜನ್ ಬ್ಯಾಂಕಾರ್ಟ್ 1923ರಲ್ಲಿ ಇದನ್ನು ಬರೆದಿಟ್ಟರು. ಇವತ್ತಿಗೂ ಆ ಹರುಕಿಗೂ ಅದನ್ನು ಹೊಲಿಯುವ ಆಪರೇಷನ್ನಿಗೂ ಅವರದೇ ಹೆಸರು. ಹೊರಗೆ ಬಂದ ಗುಂಡು ತಟ್ಟೆಯ ಅಂಚಿಗೆ ಒತ್ತಿ ನಿಂತಾಗ ಗುಂಡಿನ ಹಿಂಭಾಗದಲ್ಲಿ ಒಂದು ನೆಗ್ಗು ಬೀಳುತ್ತದೆ. ಇದನ್ನು 1940ರಲ್ಲಿ ವಿವರಿಸಿದವರು ಹಿಲ್ ಮತ್ತು ಸ್ಯಾಕ್ಸ್ ಅನ್ನುವ ಇಬ್ಬರು ಎಕ್ಸ್‌ರೇ ವೈದ್ಯರು. ಅಂದರೆ ಜಾರಿದ ಕೀಲನ್ನು ಕೂರಿಸಿದ ಮಾತ್ರಕ್ಕೆ ಎಲ್ಲ ಮೊದಲಿನ ಹಾಗೆ ಆಗೋದಿಲ್ಲ. ಕೊಡ ಮತ್ತೆ ತಲೆ ಮೇಲೆ ಬಂತು, ಸಿಂಬೆ ಮಾತ್ರ ಒಂದು ಕಡೆ ಹರಿದೇ ಇದೆ.

ಮೊದಲ ಗಂಟೆಗಳ ವಿಷಯದಲ್ಲಿ ಯಾವ ಚರ್ಚೆಯೂ ಇಲ್ಲ. ಕೀಲು ಆದಷ್ಟು ಬೇಗ ಕೂರಬೇಕು, ಅದೂ ಎಕ್ಸ್‌ರೇ ನೋಡಿದ ಮೇಲೆ. ಜೊತೆಗೆ ಮೂಳೆಯೂ ಮುರಿದಿದ್ದು, ಗೊತ್ತಿಲ್ಲದೆ ಎಳೆದರೆ ಇನ್ನಷ್ಟು ಹಾಳಾಗುತ್ತದೆ. ನನ್ನ ಅಳಿಯನದನ್ನು ಮೊದಲ ಸಲ ಕೂರಿಸುವಾಗ ಪಕ್ಕದಲ್ಲೇ ನಿಂತಿದ್ದೆ. ದುಂಡಗಿರಬೇಕಾದ ಭುಜ ಚೌಕ ಆಗಿತ್ತು, ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ. ಡಾಕ್ಟರು ಮೊದಲು ಭುಜದ ಹೊರಗಡೆ ಹತ್ತಿಯಿಂದ ಸವರಿ "ಗೊತ್ತಾಗುತ್ತಾ?" ಅಂತ ಕೇಳಿದರು. ಅಲ್ಲಿ ಜೋಮು ಹಿಡಿದಿದ್ದರೆ ಕಂಕುಳ ಹತ್ತಿರದ ನರಕ್ಕೆ ಪೆಟ್ಟಾಗಿದೆ ಅಂತ ಅರ್ಥವಂತೆ. ಆಮೇಲೆ ನೋವಿನ ಇಂಜೆಕ್ಷನ್. ಆಮೇಲೆ ಅವನ ಕೈ ಹಿಡಿದು ನಿಧಾನಕ್ಕೆ, ನಿಜವಾಗಿಯೂ ನಿಧಾನಕ್ಕೆ, ಹೊರಗಡೆ ಸರಿಸುತ್ತಾ "ನಿಮ್ಮ ಟೀಮಲ್ಲಿ ರೈಡರ್ ಯಾರು?" ಅಂತ ಮಾತಿಗೆಳೆದರು. ಅವನು ಹೆಸರು ಹೇಳುವ ಮೊದಲೇ ಟಕ್ ಅಂತ ಒಂದು ಸದ್ದು. ಮುಖದ ಬಿಗಿ ಅಲ್ಲೇ ಇಳಿಯಿತು. ನಾಲ್ಕು ಜನ ಹಿಡಿದು ಎಳೆಯೋದು, ಕಂಕುಳಿಗೆ ಕಾಲು ಕೊಡೋದು ಏನೂ ಇರಲಿಲ್ಲ.

ಕಟ್ಟು ಹಾಕುವವರ ಹತ್ತಿರ ಹೋದವರೆಲ್ಲ ಹಾಳಾದರು ಅಂತ ನಾನು ಹೇಳೋದಿಲ್ಲ. ಕೆಲವರ ಕೈಗುಣ ನಾನೂ ಕಂಡಿದ್ದೇನೆ. ಆದರೆ ಅಲ್ಲಿ ಎಕ್ಸ್‌ರೇ ಇರೋದಿಲ್ಲ. ಕೀಲು ಕೂತಿದೆ ಅಂದುಕೊಂಡು, ಕೂರದ ಭುಜವನ್ನೇ ಬಿಗಿದು ಕಟ್ಟಿ ವಾರಗಟ್ಟಲೆ ಬಿಟ್ಟರೆ ಕಥೆ ಬೇರೆ. ಮೂರು ವಾರ ದಾಟಿದ ಕೀಲನ್ನು ಕೈಯಿಂದ ಎಳೆದು ಕೂರಿಸಲು ಹೋದರೆ ಮೂಳೆ ಮುರಿಯಬಹುದು, ಪಕ್ಕದ ರಕ್ತನಾಳ ಹರಿಯಬಹುದು. ಕೊನೆಗೆ ತೆರೆದೇ ಮಾಡಬೇಕಾಗುತ್ತದೆ. ಆಪರೇಷನ್ ತಪ್ಪಿಸಲು ಹೋಗಿ ದೊಡ್ಡ ಆಪರೇಷನ್ ತಂದುಕೊಂಡ ಹಾಗೆ.

ನಮ್ಮ ಬೋರ್‌ವೆಲ್ ಸೀಮೆಯವರಿಗೆ ಇನ್ನೊಂದು ಮಾತು. ಮೋಟಾರ್ ಸ್ಟಾರ್ಟರ್ ಮುಟ್ಟಿ ಶಾಕ್ ಹೊಡೆದಾಗ, ಅಥವಾ ಫಿಟ್ಸ್ ಬಂದಾಗ, ಭುಜ ಹಿಂದಕ್ಕೆ ಜಾರುವುದುಂಟು. ಎದುರಿನಿಂದ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಅದು ಸರಿಯಿದ್ದ ಹಾಗೇ ಕಾಣಬಹುದು. ಕೈ ಹೊರಗಡೆ ತಿರುಗಿಸಲು ಆಗುತ್ತಲೇ ಇಲ್ಲ ಅಂದರೆ ಪಕ್ಕದಿಂದ ಇನ್ನೊಂದು ಎಕ್ಸ್‌ರೇ ಕೇಳಿ ತೆಗೆಸಿ.

ಈಗ ಜಗಳದ ವಿಷಯಕ್ಕೆ ಬರೋಣ. ಮೊದಲ ಸಲ ಜಾರಿತು, ಕೂರಿಸಿದರು. ಮುಂದೆ?

ಹಳೆಯ ಪದ್ಧತಿ ಅಂದರೆ ಕೈ ಕಟ್ಟಿಡೋದು. ಎಷ್ಟು ದಿನ ಕಟ್ಟಿದರೆ ಅಷ್ಟು ಗಟ್ಟಿ ಅಂತ ನಮ್ಮ ನಂಬಿಕೆ. ಸ್ವೀಡನ್ನಿನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. 1978-79ರಲ್ಲಿ ಮೊದಲ ಸಲ ಭುಜ ಜಾರಿದ, 40 ದಾಟದ ಜನರನ್ನು ಗುರುತಿಸಿ, ಕೆಲವರಿಗೆ ಮೂರು-ನಾಲ್ಕು ವಾರ ಕಟ್ಟಿದರು, ಕೆಲವರಿಗೆ ಬೇಗ ಕೈ ಆಡಿಸಲು ಬಿಟ್ಟರು. ಮತ್ತೆ ಜಾರುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಜಪಾನಿನ ಇಟೋಯಿ ಅನ್ನುವ ವೈದ್ಯರು ಕೈಯನ್ನು ಹೊಟ್ಟೆಗೆ ಒತ್ತಿ ಕಟ್ಟುವ ಬದಲು ಹೊರಗೆ ತಿರುಗಿಸಿ ಕಟ್ಟಿ ನೋಡಿದರು. 2007ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಮತ್ತೆ ಜಾರಿದವರು ನೂರಕ್ಕೆ 42ರಿಂದ 26ಕ್ಕೆ ಇಳಿದರು. ಎಲ್ಲರಿಗೂ ಖುಷಿಯಾಯಿತು. ಆದರೆ ಬೇರೆ ದೇಶದವರು ಮಾಡಿ ನೋಡಿದಾಗ ಅಷ್ಟು ಲಾಭ ಸಿಗಲಿಲ್ಲ. ಕೈ ಹೊರಗೆ ಚಾಚಿಕೊಂಡು ಮೂರು ವಾರ ಕೆಎಸ್ಸಾರ್ಟಿಸಿ ಬಸ್ಸಲ್ಲಿ ಓಡಾಡುವವರು ಯಾರು, ಅದೂ ಬೇರೆ ಪ್ರಶ್ನೆ. ಹಾಗಾಗಿ ಈಗ ಸಾಮಾನ್ಯವಾಗಿ ನೋವು ಇಳಿಯುವ ತನಕ, ಒಂದರಿಂದ ಮೂರು ವಾರ ಪಟ್ಟಿ, ಆಮೇಲೆ ಫಿಸಿಯೋಥೆರಪಿ.

ಫಿಸಿಯೋ ಅಂದರೆ ಯಂತ್ರದ ಕೆಳಗೆ ಮಲಗಿ ಬೆಚ್ಚಗೆ ಮಾಡಿಸಿಕೊಳ್ಳೋದಲ್ಲ. ಸಿಂಬೆ ಹರಿದ ಮೇಲೆ ಗುಂಡನ್ನು ಹಿಡಿದಿಡುವ ಕೆಲಸ ಸುತ್ತಲಿನ ಸ್ನಾಯುಗಳ ಪಾಲಿಗೆ ಬೀಳುತ್ತದೆ. ಅವುಗಳಿಗೆ ಬಲ ಬರಬೇಕು. ಬೆನ್ನ ಹಿಂದಿನ ಹಲಗೆ ಮೂಳೆ ಸರಿಯಾಗಿ ಜರುಗಬೇಕು. ಹಳೇ ಸೈಕಲ್ ಟ್ಯೂಬನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ಎಳೆಯುವ ವ್ಯಾಯಾಮವನ್ನು ದಿನಾ ಮಾಡಬೇಕು, ಮೂರು ತಿಂಗಳು. ಇದಕ್ಕೆ ವಾರಕ್ಕೆರಡು ಸಲ ಪಟ್ಟಣಕ್ಕೆ ಬರಲೇಬೇಕು ಅಂತೇನಿಲ್ಲ. ಬ್ರಿಟನ್ನಿನಲ್ಲಿ 482 ಜನರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಫಿಸಿಯೋ ಹತ್ತಿರ ಒಮ್ಮೆ ಕೂತು ಸರಿಯಾಗಿ ಹೇಳಿಸಿಕೊಂಡು, ಬೇಕಾದಾಗ ಮತ್ತೆ ಬರಬಹುದು ಅಂತ ಬಿಟ್ಟವರಿಗೂ, ಕೋರ್ಸ್ ಪೂರ್ತಿ ಮಾಡಿಸಿಕೊಂಡವರಿಗೂ ಆರು ತಿಂಗಳ ಹೊತ್ತಿಗೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಳ್ಳಿಯಿಂದ ಬರುವವರಿಗೆ ಇದು ಒಳ್ಳೆ ಸುದ್ದಿ. ಒಂದು ಸಲ ಬನ್ನಿ, ಪೂರ್ತಿ ಕಲಿತು ಹೋಗಿ, ಮನೆಯಲ್ಲಿ ಮಾಡಿ. ತೊಂದರೆ ಏನಪ್ಪಾ ಅಂದರೆ ಆ ಒಂದು ಸಲವೂ ನಾವು ಹೋಗಿರೋದಿಲ್ಲ. ನನ್ನ ಅಳಿಯ ಹೋಗಿರಲಿಲ್ಲ. ನಾನೂ ಕೇಳಿರಲಿಲ್ಲ.

ಈಗ ವಯಸ್ಸು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದರಷ್ಟು ದೊಡ್ಡದು ಇನ್ನೊಂದಿಲ್ಲ. ಎಡಿನ್‌ಬರ್ಗ್‌ನಲ್ಲಿ 15ರಿಂದ 35 ವರ್ಷದ 252 ಜನರನ್ನು ಆಪರೇಷನ್ ಇಲ್ಲದೆ ನೋಡಿಕೊಂಡು ಲೆಕ್ಕ ಇಟ್ಟರು. 2006ರಲ್ಲಿ ಬಂದ ಆ ವರದಿಯಲ್ಲಿ, ಎರಡು ವರ್ಷದೊಳಗೆ ನೂರಕ್ಕೆ 56 ಜನರಿಗೆ ಭುಜ ಮತ್ತೆ ಕೈಕೊಟ್ಟಿತ್ತು. ಐದು ವರ್ಷಕ್ಕೆ ಅದು 67 ಆಯಿತು. ಅದರಲ್ಲೂ ಇಪ್ಪತ್ತರ ಆಸುಪಾಸಿನ ಗಂಡುಹುಡುಗರೇ ಜಾಸ್ತಿ. ಇದನ್ನು ಓದಿದರೆ ಎಲ್ಲ ಹುಡುಗರಿಗೂ ಮೊದಲ ಸಲವೇ ಆಪರೇಷನ್ ಮಾಡಿಬಿಡಿ ಅನ್ನಿಸುತ್ತದೆ. ಆದರೆ ಸ್ವೀಡನ್ನಿನವರು ಅದೇ ತಮ್ಮ ಹಳೆಯ ಜನರನ್ನು 25 ವರ್ಷ ಬಿಡದೆ ಹಿಂಬಾಲಿಸಿದರು ನೋಡಿ, ಆ ತಾಳ್ಮೆಗೆ ಕೈ ಮುಗಿಯಬೇಕು. 12ರಿಂದ 25 ವರ್ಷದೊಳಗೆ ಮೊದಲ ಸಲ ಜಾರಿಸಿಕೊಂಡವರಲ್ಲಿ ಸುಮಾರು ಅರ್ಧ ಜನರಿಗೆ ಅದು ಮತ್ತೆ ಜಾರಲೇ ಇಲ್ಲ, ಅಥವಾ ಕಾಲ ಕಳೆದ ಹಾಗೆ ತಾನೇ ನಿಂತಿತು. ಅಂದರೆ ಎಲ್ಲರಿಗೂ ಮಾಡಿದರೆ ಅರ್ಧದಷ್ಟು ಜನರಿಗೆ ಸುಮ್ನೆ ಮಾಡಿದ ಹಾಗೆ. ಯಾರು ಯಾವ ಅರ್ಧಕ್ಕೆ ಸೇರುತ್ತಾರೆ ಅಂತ ಮೊದಲ ದಿನವೇ ಹೇಳಲು ಆಗೋದಿಲ್ಲ. ಜಗಳ ಇರೋದೇ ಇಲ್ಲಿ.

ಆಪರೇಷನ್ ಕೆಲಸ ಮಾಡುತ್ತಾ ಅಂತ ಕೇಳಿದರೆ, ಮಾಡುತ್ತೆ. ಕೆನಡಾದಲ್ಲಿ 30ರೊಳಗಿನ 40 ಜನರನ್ನು ಎರಡು ಗುಂಪು ಮಾಡಿ ನೋಡಿದ್ದು 1999ರಲ್ಲಿ ಬಂತು. ಕಟ್ಟಿ ವ್ಯಾಯಾಮ ಮಾಡಿಸಿದವರಲ್ಲಿ ನೂರಕ್ಕೆ 47 ಜನರಿಗೆ ಮತ್ತೆ ಜಾರಿತು, ದುರ್ಬೀನು ಹಾಕಿ ಹೊಲಿದವರಲ್ಲಿ 16 ಜನರಿಗೆ. 2008ರಲ್ಲಿ ಬಂದ ಎಡಿನ್‌ಬರ್ಗ್‌ನವರ ಪರೀಕ್ಷೆಯೂ ಅದೇ ದಾರಿ ತೋರಿಸಿತು. ಎರಡು-ಮೂರು ಚಿಕ್ಕ ತೂತು, ಒಳಗೆ ಕ್ಯಾಮೆರಾ, ತಟ್ಟೆಯ ಅಂಚಿಗೆ ದಾರ ಇರುವ ಪುಟ್ಟ ಮೊಳೆಗಳು, ಆ ದಾರದಿಂದ ಹರಿದ ಸಿಂಬೆಯನ್ನು ಎಳೆದು ಕಟ್ಟೋದು. ಇದಕ್ಕೆ ಬೆಂಗಳೂರಿಗೇ ಹೋಗಬೇಕು ಅನ್ನುವ ಕಾಲ ಹೋಯಿತು, ದಾವಣಗೆರೆಯಲ್ಲೇ ಮಾಡುತ್ತಾರೆ. ಆದರೆ ಆಮೇಲೂ ನಾಲ್ಕು ವಾರದ ಆಸುಪಾಸು ಪಟ್ಟಿ ಇರುತ್ತದೆ, ಅದೇ ಟ್ಯೂಬು, ಅದೇ ಚಿಲಕ, ಅದೇ ವ್ಯಾಯಾಮ. ಕಬಡ್ಡಿಗೆ ಮರಳಲು ಆರು ತಿಂಗಳು. ಆಪರೇಷನ್ ಮಾಡಿಸಿದರೆ ವ್ಯಾಯಾಮದ ಕಾಟ ಇಲ್ಲ ಅಂದುಕೊಂಡವರಿಗೆ ಇದು ಕಹಿ ಸುದ್ದಿ.

(ಇದೇನು ಹೊಸ ತಲೆನೋವಲ್ಲ ಬಿಡಿ. ಸುಮಾರು 2400 ವರ್ಷದ ಹಿಂದೆ ಗ್ರೀಸಿನ ಹಿಪಾಕ್ರಟಿಸ್ ಹೆಸರಿನ ಗ್ರಂಥದಲ್ಲಿ, ಪದೇ ಪದೇ ಜಾರುವ ಭುಜಕ್ಕೆ ಕಂಕುಳಲ್ಲಿ ಕಾದ ಕಬ್ಬಿಣದಿಂದ ಸುಡಲು ಹೇಳಿದೆ. ಸುಟ್ಟ ಗಾಯ ಬಿಗಿದುಕೊಂಡು ಗುಂಡನ್ನು ತಡೆಯಲಿ ಅಂತ. ಬರೆ ಹಾಕೋದು ನಮ್ಮವರದೇ ವಿದ್ಯೆ ಅಂದುಕೊಂಡಿದ್ದೆ.)

ಈಗ ಹಂಗೇ ಬಿಡೋದರ ಬೆಲೆ. ಪ್ರತಿ ಸಲ ಜಾರಿದಾಗಲೂ ಗುಂಡಿನ ನೆಗ್ಗು ದೊಡ್ಡದಾಗಬಹುದು, ತಟ್ಟೆಯ ಮುಂದಿನ ಅಂಚು ಸವೆಯಬಹುದು. 2000ನೇ ಇಸವಿಯಲ್ಲಿ ಬರ್ಕಾರ್ಟ್ ಮತ್ತು ಡಿ ಬೀರ್ ಅನ್ನುವ ಸರ್ಜನ್‌ಗಳು ತಾವು ಹೊಲಿದ 194 ಭುಜಗಳ ಲೆಕ್ಕ ಬಿಚ್ಚಿಟ್ಟರು. ಮೂಳೆ ಚೆನ್ನಾಗಿದ್ದವರಲ್ಲಿ ಮತ್ತೆ ಜಾರಿದ್ದು ನೂರಕ್ಕೆ 4. ಮೂಳೆ ಜಾಸ್ತಿ ಸವೆದಿದ್ದವರಲ್ಲಿ 67. ಅದೇ ಆಪರೇಷನ್, ಅದೇ ಕೈಗಳು. ತಟ್ಟೆಯೇ ಸವೆದ ಮೇಲೆ ಸಿಂಬೆ ಹೊಲಿದು ಏನು ಬಂತು? ಐದನೇ ಒಂದು ಭಾಗ, ನಾಲ್ಕನೇ ಒಂದು ಭಾಗ ಸವೆದಿದ್ದರೆ ಲಟಾರ್ಜೆ ಅನ್ನುವ ಇನ್ನೊಂದು ಆಪರೇಷನ್ ಮಾಡುತ್ತಾರೆ. ಫ್ರಾನ್ಸಿನ ಲಟಾರ್ಜೆ 1954ರಲ್ಲಿ ಬರೆದದ್ದು. ಹಲಗೆ ಮೂಳೆಯ ಮುಂದೆ ಕೊಕ್ಕಿನ ಹಾಗೆ ಚಾಚಿರುವ ತುದಿಯನ್ನು ಸ್ನಾಯು ಸಮೇತ ಕತ್ತರಿಸಿ, ತಂದು, ತಟ್ಟೆಯ ಮುಂದೆ ಸ್ಕ್ರೂ ಹಾಕಿ ಕೂರಿಸೋದು. ಹೊಲದ ಬದು ಕುಸಿದ ಕಡೆ ಕಲ್ಲು ಇಟ್ಟು ಕಟ್ಟಿದ ಹಾಗೆ. ಗಟ್ಟಿ ಕೆಲಸ, ಆದರೆ ದೊಡ್ಡದು. ನರ ತೀರಾ ಹತ್ತಿರ ಇರುತ್ತದೆ, ಸ್ಕ್ರೂ ತೊಂದರೆ ಕೊಡಬಹುದು, ಕೈ ಹೊರಗೆ ತಿರುಗುವುದು ಸ್ವಲ್ಪ ಕಡಿಮೆಯಾಗಬಹುದು.

ಯಾರಿಗೆ ಯಾವುದು ಅಂತ ಅಳೆಯಲು ಫ್ರಾನ್ಸಿನ ಬಾಲ್ಗ್ ಮತ್ತು ಬ್ವಾಲೊ 2007ರಲ್ಲಿ ಹತ್ತು ಅಂಕದ ಒಂದು ಲೆಕ್ಕ ಕೊಟ್ಟರು. ನಮ್ಮ ಹುಡುಗನಿಗೆ ಹಾಕಿ ನೋಡಿದೆ. 20 ದಾಟಿಲ್ಲ, 2. ಪಂದ್ಯ ಆಡುತ್ತಾನೆ, 2. ಮೈಗೆ ಮೈ ತಾಗುವ ಆಟ, 1. ಎಕ್ಸ್‌ರೇ ನೋಡುವ ಮೊದಲೇ ಐದಾಯಿತು. ಗುಂಡಿನ ನೆಗ್ಗಿಗೆ 2, ತಟ್ಟೆಯ ಅಂಚು ಸವೆದಿದ್ದರೆ 2, ಮೈ ಕೀಲುಗಳೆಲ್ಲ ಸಡಿಲ ಇದ್ದರೆ 1. ಒಟ್ಟು ಆರು ದಾಟಿದರೆ ಬರೀ ದುರ್ಬೀನಿನ ಹೊಲಿಗೆ ನಿಲ್ಲೋದು ಕಷ್ಟ ಅಂತ ಅವರ ತೀರ್ಮಾನ. ಅವರು ನೋಡಿದವರಲ್ಲಿ ಅಂಥವರಿಗೆ ನೂರಕ್ಕೆ 70 ಮತ್ತೆ ಜಾರಿತ್ತು. ಇದೊಂದನ್ನೇ ನೋಡಿ ಯಾರೂ ಕತ್ತಿ ಎತ್ತೋದಿಲ್ಲ. ಆದರೆ ಗಮನಿಸಿ, ಹತ್ತರಲ್ಲಿ ಐದು ಅಂಕ ಭುಜಕ್ಕಲ್ಲ, ಭುಜ ಇಟ್ಟುಕೊಂಡು ನೀವು ಏನು ಮಾಡುತ್ತೀರಿ, ನಿಮ್ಮ ವಯಸ್ಸೆಷ್ಟು ಅನ್ನೋದಕ್ಕೆ.

ನಲವತ್ತು ದಾಟಿದವರ ಕಥೆಯೇ ಬೇರೆ. ಅವರಿಗೆ ಮತ್ತೆ ಜಾರುವ ಭಯ ಕಡಿಮೆ, ಕೈ ಎತ್ತುವ ಸ್ನಾಯುಗಳ ನಾರೇ ಹರಿದಿರುವ ಭಯ ಜಾಸ್ತಿ. ನಮ್ಮ ದೊಡ್ಡಮ್ಮ, 63 ವರ್ಷ, ಬಚ್ಚಲಲ್ಲಿ ಜಾರಿ ಬಿದ್ದರು. ಕೀಲು ಚೆನ್ನಾಗಿಯೇ ಕೂರಿಸಿದರು. ಆರು ವಾರ ಆದರೂ ಕೈ ಮೇಲೆ ಹೋಗದಿದ್ದಾಗ ಒಂದು ಆಸ್ಪತ್ರೆಯಲ್ಲಿ "ಭುಜ ಬಿಗಿದುಕೊಂಡಿದೆ, ವ್ಯಾಯಾಮ ಮಾಡಿ" ಅಂದು ಕಳಿಸಿದರು. ಜಡೆ ಹಾಕಿಕೊಳ್ಳಲು ಆಗದೆ ಸೊಸೆಯ ಮುಂದೆ ಕೂರುವಾಗೆಲ್ಲ ಮುಜುಗರ ಪಡುತ್ತಿದ್ದರು. ನಾಲ್ಕು ತಿಂಗಳ ಮೇಲೆ ಸ್ಕ್ಯಾನ್ ಮಾಡಿಸಿದರೆ ನಾರು ಹರಿದು ಹಿಂದಕ್ಕೆ ಸರಿದುಕೊಂಡಿತ್ತು. ಬಿದ್ದ ಎರಡು-ಮೂರು ವಾರದಲ್ಲೇ ಒಂದು ಅಲ್ಟ್ರಾಸೌಂಡ್ ಮಾಡಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಎಂಆರ್‌ಐ ಕೂಡ ಬೇಕಿರಲಿಲ್ಲ.

ಪೆಟ್ಟೇ ಬೀಳದೆ, ಬೇಕೆಂದಾಗ ಭುಜ ಜಾರಿಸಿ ಗೆಳೆಯರಿಗೆ ತೋರಿಸುವ ಮಕ್ಕಳೂ ಇರುತ್ತಾರೆ. ಅವರ ಮೈಯೇ ಸಡಿಲ. ಅವರಿಗೆ ಮೊದಲು ವ್ಯಾಯಾಮ, ಆಪರೇಷನ್ ಮಾತು ತುಂಬಾ ತಡವಾಗಿ.

ದುಡ್ಡಿನ ಮಾತು ಬಿಟ್ಟರೆ ಈ ಲೇಖನ ಪಟ್ಟಣದವರಿಗೆ ಮಾತ್ರ ಆಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್‌ನವರಿಗೆ ಸರ್ಕಾರ ಕೊಡೋದು ಪ್ಯಾಕೇಜಿನ ನೂರಕ್ಕೆ 30 ಭಾಗ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಿಮ್ಮ ಆಪರೇಷನ್ ಯಾವ ಪ್ಯಾಕೇಜಿಗೆ ಬರುತ್ತೆ, ಮೊಳೆ-ದಾರದ ಖರ್ಚು ಅದರೊಳಗೇ ಸೇರುತ್ತಾ ಅಂತ ಅಡ್ಮಿಟ್ ಆಗುವ ಮುಂಚೆಯೇ ಆರೋಗ್ಯಮಿತ್ರರ ಕೌಂಟರಿನಲ್ಲಿ ಕೇಳಿ. ಆದರೆ ಯಾವ ಕಾರ್ಡೂ ಕೂಲಿ ಕೊಡೋದಿಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಪರಿಚಯದ ಹಮಾಲರೊಬ್ಬರು ಮೂರು ವಾರ ಹಾಕಬೇಕಿದ್ದ ಪಟ್ಟಿಯನ್ನು ನಾಲ್ಕನೇ ದಿನಕ್ಕೆ ಬಿಚ್ಚಿಟ್ಟರು. "ಪಟ್ಟಿ ಹಾಕ್ಕೊಂಡ್ರೆ ಮನೇಲಿ ಒಲೆ ಹತ್ತಬೇಕಲ್ಲ ಸಾರ್" ಅಂದರು. ಅವರಿಗೆ ನಾನು ಯಾವ ಸ್ವೀಡನ್ ಲೆಕ್ಕ ಹೇಳಲಿ?

ಕೊನೆಗೆ ಅಳಿಯನನ್ನು ಕೀಲು-ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕೈಯನ್ನು ಚೆಂಡು ಎಸೆಯುವ ಭಂಗಿಗೆ ತಂದು ಸ್ವಲ್ಪ ಹಿಂದಕ್ಕೆ ಒತ್ತುತ್ತಿದ್ದ ಹಾಗೆ ಹುಡುಗ ಹೆದರಿ ಅವರ ಮಣಿಕಟ್ಟು ಹಿಡಿದುಕೊಂಡ. "ಎಷ್ಟು ಸಲ ಜಾರಿದೆ?" ಅಂತ ಕೇಳಿದರು. "ಮೂರು" ಅಂದ. ಅಕ್ಕ ಚೀಟಿ ಮಾಡಿಸಲು ಹೊರಗೆ ಹೋದ ಮೇಲೆ ಅವರು ಮತ್ತೆ ಕೇಳಿದರು. ಅವನು ನೆಲ ನೋಡುತ್ತಾ, "ಏಳೆಂಟು ಆಗಿರಬೌದು ಸಾರ್. ಎರಡು ಸಲ ನಿದ್ದೇಲಿ" ಅಂದ.

ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಜಾರುತ್ತದೆ ಅಂದರೆ ಮೂಳೆ ನೋಡಲೇಬೇಕು ಅಂತ ಸಿಟಿ ಸ್ಕ್ಯಾನ್ ಬರೆದರು. ತಟ್ಟೆಯ ಮುಂದಿನ ಅಂಚಲ್ಲಿ ಐದನೇ ಒಂದು ಭಾಗ ಸವೆದು ಹೋಗಿತ್ತು. 17ರಲ್ಲಿ ಜಾರಿದಾಗಲೇ ಹೊಲಿಸಿದ್ದರೆ ಚಿಕ್ಕದರಲ್ಲಿ ಮುಗಿಯುತ್ತಿತ್ತೋ, ಇಲ್ಲ ಆ ಮೂರು ತಿಂಗಳ ಟ್ಯೂಬಿನಲ್ಲೇ ನಿಲ್ಲುತ್ತಿತ್ತೋ, ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡರಲ್ಲಿ ಒಂದನ್ನೂ ನಾವು ಮಾಡಿರಲಿಲ್ಲ.

ಲಟಾರ್ಜೆಗೆ ದಿನ ಗೊತ್ತಾಗಿದೆ, ಡಿಗ್ರಿ ಪರೀಕ್ಷೆ ಮುಗಿದ ಮಾರನೇ ವಾರ. ಆಪರೇಷನ್ ಆದ ಕೈಯನ್ನೇ ಮೊದಲು ಅಂಗಿಯ ತೋಳಿಗೆ ತೂರಿಸಬೇಕು ಅಂತ ಯಾರೋ ಹೇಳಿದ್ದಕ್ಕೆ ಅಕ್ಕ ಎರಡು ಸೈಜ್ ದೊಡ್ಡ, ಮುಂದೆ ಗುಂಡಿ ಇರುವ ಮೂರು ಅಂಗಿ ತಂದಿಟ್ಟಿದ್ದಾಳೆ. ಹುಡುಗ ಈಗಲೇ ಚಿಲಕಕ್ಕೆ ಟ್ಯೂಬ್ ಕಟ್ಟಿಕೊಂಡಿದ್ದಾನೆ. ನಿನ್ನೆ ಫೋನಿನಲ್ಲಿ ಮೊದಲು ಕೇಳಿದ್ದು ಮಾತ್ರ, "ಮಾಮ, ಎಡಗೈಯಲ್ಲಿ ಬೈಕ್ ಓಡಿಸಬೌದಾ?"